ಕಟಕಟೆಗೆ ಎಟುಕದ ಮಗು

ಕೋರ್ಟಿನ ಕಟಕಟೆಯನ್ನು ದೊಡ್ಡವರ ಅಳತೆಗೆ ಮಾಡಿರುತ್ತಾರೆ. ಎಂಟು ವರ್ಷದ ಮಗು ಅದರೊಳಗೆ ನಿಂತರೆ ನ್ಯಾಯಾಧೀಶರಿಗೆ ಕಾಣುವುದು ಅದರ ತಲೆಗೂದಲು ಮಾತ್ರ. ಮಗುವಿಗೆ ಕಾಣುವುದು ಕರಿ ಕೋಟು, ಖಾಕಿ ಬಟ್ಟೆ, ಆಮೇಲೆ ಎದುರಿಗೆ ನಿಂತಿರುವ ಅದೇ ಮನುಷ್ಯ. ಈ ದೇಶದಲ್ಲಿ ಬಹಳ ಕಾಲ ಮಕ್ಕಳ ನ್ಯಾಯ ಹೀಗೇ ನಡೆಯಿತು. ಹಂಗಂತ ಮಗುವಿನ ಸುತ್ತ ಜನಕ್ಕೇನೂ ಕಮ್ಮಿ ಇರಲಿಲ್ಲ. ಪೊಲೀಸಿದ್ದ, ಡಾಕ್ಟರಿದ್ದ, ವಕೀಲನಿದ್ದ, ಗುಮಾಸ್ತನಿದ್ದ. ಒಬ್ಬೊಬ್ಬನೂ ತನ್ನ ಪಾಲಿನ ಕಾಗದ ತುಂಬಿ, ರುಜು ಹಾಕಿ, ಮುಂದಿನ ಮೇಜಿಗೆ ದಾಟಿಸುತ್ತಿದ್ದ. ಕಾಗದ ದಾಟಿದ ಹಾಗೇ ಮಗುವೂ ದಾಟುತ್ತಿತ್ತು. ಈ ಮೇಜುಗಳವರು ಒಬ್ಬರ ಮುಖ ಒಬ್ಬರು ನೋಡಿ, ಕೂತು ಮಾತಾಡಿ, ಮಗುವನ್ನು ಕಾಯಬೇಕು ಎಂಬ ಸಾದಾ ಮಾತು ಕಾನೂನಿನೊಳಗೆ ಬರಲು ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಯಾರು ಯಾರಿಂದ ಅದು ಬಂತು, ಬಂದದ್ದು ನಮ್ಮ ಕೇರಿಯವರೆಗೆ ತಲುಪಿತೇ ಎನ್ನುವುದನ್ನು ಇಲ್ಲಿ ನೋಡಬೇಕೆಂದಿದ್ದೇವೆ.

ಇದು ವಕೀಲರ ವಿಷಯ, ನಮಗ್ಯಾಕೆ ಅನ್ನಬೇಡಿ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೋರ್ಟಿನ ಮೆಟ್ಟಿಲು ಅವರಿಗೆ ಭಯದ ಜಾಗವಾಗಿತ್ತು. ಮನೆಯಲ್ಲಿ ಮೊದಲು ಪದವಿ ಪಡೆದ ನಮ್ಮಂಥವರಿಗೆ ಸಮನ್ಸು ಓದಿ ಹೇಳುವ ಕೆಲಸ ತಾನಾಗೇ ಬಂದುಬಿಡುತ್ತದೆ. ಓದಿ ಹೇಳಿದ ಮೇಲೆ ಮುಂದೇನು ಅಂತ ಕೇಳುತ್ತಾರಲ್ಲ, ಆ ಪ್ರಶ್ನೆಗೆ ಉತ್ತರ ಬೇಕಾದರೆ ಈ ಚರಿತ್ರೆ ಗೊತ್ತಿರಬೇಕು.

೧೮೫೦ರಲ್ಲಿ ಕಂಪನಿ ಸರ್ಕಾರ ಅಪ್ರೆಂಟಿಸ್ ಕಾಯಿದೆ ಅಂತ ಒಂದನ್ನು ತಂದಿತು. ಅನಾಥರು, ಬಡವರ ಮಕ್ಕಳು, ಸಣ್ಣಪುಟ್ಟ ತಪ್ಪು ಮಾಡಿ ಸಿಕ್ಕಿಬಿದ್ದವರು, ಇಂಥ ಹತ್ತರಿಂದ ಹದಿನೆಂಟರೊಳಗಿನ ಮಕ್ಕಳನ್ನು ಕಸುಬು ಕಲಿಯಲೆಂದು ಯಜಮಾನನೊಬ್ಬನಿಗೆ ಕರಾರು ಬರೆದು ಒಪ್ಪಿಸಬಹುದಾಗಿತ್ತು. ಕೇಳುವವರು ಇಲ್ಲದ ಮಗುವಿಗೆ ಮ್ಯಾಜಿಸ್ಟ್ರೇಟನೇ ಪೋಷಕ. ಜೀತದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಮನೆತನಗಳಿಗೆ ಈ ಭಾಷೆ ಹೊಸದೇನಲ್ಲ. ೧೮೬೦ರ ದಂಡಸಂಹಿತೆ ಏಳು ತುಂಬದ ಮಗುವಿನ ಕೃತ್ಯ ಅಪರಾಧವಲ್ಲ ಎಂದಿತು. ಏಳರಿಂದ ಹನ್ನೆರಡರ ಒಳಗಿನವರಿಗೆ ತಿಳಿವಳಿಕೆ ಬಲಿತಿತ್ತೇ ಎಂದು ನೋಡಬೇಕು ಎಂದಿತು. ೧೮೭೬ರಲ್ಲಿ, ಮತ್ತೆ ೧೮೯೭ರಲ್ಲಿ, ಸುಧಾರಣಾ ಶಾಲೆಗಳ ಕಾಯಿದೆ ಬಂತು. ಇವುಗಳಲ್ಲೆಲ್ಲ ಮಗುವಿನ ಎದುರು ಇರುವವರು ಇಬ್ಬರೇ, ಮ್ಯಾಜಿಸ್ಟ್ರೇಟ್ ಮತ್ತು ಬೀಗದ ಕೈ ಹಿಡಿದವನು.

ಮೂರನೆಯವರು ಬಾಯಿ ಬಿಟ್ಟದ್ದು ಒಂದು ಸಾವಿನಿಂದ. ೧೮೯೦ರಲ್ಲಿ ಕಲ್ಕತ್ತೆಯ ಹೈಕೋರ್ಟಿನ ಮುಂದೆ ಫೂಲಮಣಿ ಎಂಬ ಹುಡುಗಿಯ ಪ್ರಕರಣ ಬಂತು. ಹತ್ತು ದಾಟಿ ಹನ್ನೊಂದಕ್ಕೆ ಕಾಲಿಟ್ಟಿದ್ದ ಕೂಸು. ತನಗಿಂತ ಬಹಳ ದೊಡ್ಡವನಾದ ಗಂಡನ ಬಲಾತ್ಕಾರದಿಂದ ರಕ್ತ ಹರಿದು ಸತ್ತಿತು. ತಾಯಿ, ಮನೆಯ ಹೆಂಗಸರು ಕೋರ್ಟಿಗೆ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದರು. ವೈದ್ಯರು ಗಾಯದ ಬಗ್ಗೆ ಹೇಳಿದರು. ಆದರೆ ಅಂದಿನ ಕಾನೂನಿನಲ್ಲಿ ಸಮ್ಮತಿಯ ವಯಸ್ಸು ಹತ್ತು. ಹುಡುಗಿಗೆ ಹತ್ತು ತುಂಬಿತ್ತು. ಆದ್ದರಿಂದ ಅದು ಬಲಾತ್ಕಾರವೇ ಅಲ್ಲವಂತೆ! ದುಡುಕಿನಿಂದ ತೀವ್ರ ಗಾಯ ಮಾಡಿದ ಎಂದು ಒಂದು ವರ್ಷದ ಕಠಿಣ ಸಜೆ ಕೊಟ್ಟು ಕೈ ತೊಳೆದುಕೊಂಡರು.

ಆಗ ಹಿಂದೂಸ್ತಾನದ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದ ಮಹಿಳಾ ವೈದ್ಯರು ಒಟ್ಟಾಗಿ ವೈಸರಾಯರಿಗೆ ಮನವಿ ಕಳಿಸಿದರು. ತಮ್ಮ ಮುಂದೆ ಬಂದ ಬಾಲಪತ್ನಿಯರ ಗಾಯ, ಊನ, ಸಾವುಗಳನ್ನು ಒಂದೊಂದಾಗಿ ಬರೆದರು. ಪತ್ರಕರ್ತ ಬೆಹ್ರಾಮ್‌ಜಿ ಮಲಬಾರಿ ೧೮೮೪ರಿಂದಲೇ ಬಾಲ್ಯವಿವಾಹದ ವಿರುದ್ಧ ಬರೆಯುತ್ತಿದ್ದರು. ಅದೇ ವರ್ಷ ಗಂಡನಾದವನು ತನ್ನ ಮನೆಗೆ ಬಾ ಎಂದು ಕೋರ್ಟಿಗೆಳೆದಿದ್ದ ರುಖ್ಮಾಬಾಯಿಯ ಪ್ರಕರಣವೂ ಜನರ ಬಾಯಲ್ಲಿತ್ತು. ಆ ರುಖ್ಮಾಬಾಯಿ ಮುಂದೆ ತಾನೇ ಡಾಕ್ಟರಾದಳು. ಇವೆಲ್ಲ ಕೂಡಿ ೧೮೯೧ರಲ್ಲಿ ಸಮ್ಮತಿಯ ವಯಸ್ಸು ಹನ್ನೆರಡಕ್ಕೆ ಏರಿತು. ಎರಡು ವರ್ಷ, ಅಷ್ಟೇ. ಅದನ್ನೂ ಸ್ವರಾಜ್ಯದ ಹೆಸರಿನಲ್ಲಿ, ಧರ್ಮದ ಹೆಸರಿನಲ್ಲಿ ವಿರೋಧಿಸಿದರು; ತಿಲಕರಂಥವರೇ ವಿರೋಧಿಸಿದರು. ಪಠ್ಯಪುಸ್ತಕಗಳು ಈ ಪುಟವನ್ನು ಬೇಗ ಮಗುಚಿಬಿಡುತ್ತವೆ. ನಮ್ಮ ಮೈಸೂರು ಸಂಸ್ಥಾನ ೧೮೯೪ರಲ್ಲಿ ಒಂದು ರೆಗ್ಯುಲೇಷನ್ ತಂದು, ಎಂಟು ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರ ಕೆಳಗಿನವಳನ್ನು ಕಟ್ಟಿಕೊಳ್ಳುವುದನ್ನೂ ನಿಷೇಧಿಸಿತು. ಆ ಕಾಲಕ್ಕೆ ದೊಡ್ಡ ಹೆಜ್ಜೆ ಅಂತಾರೆ. ಎಂಟು ತುಂಬಿದವಳ ಗತಿ ಏನು ಅಂತ ನಾವು ಕೇಳಬೇಕಾಗುತ್ತದೆ.

ಕೋರ್ಟಿನಿಂದ ಎದ್ದು ಮಗುವಿನ ಮನೆಯವರೆಗೆ ನಡೆದುಹೋಗುವ ಒಬ್ಬ ಮನುಷ್ಯ ಹುಟ್ಟಿದ್ದು ೧೯೨೦ರ ಮದ್ರಾಸ್ ಮಕ್ಕಳ ಕಾಯಿದೆಯ ಕಾಲದಲ್ಲಿ. ೧೯೧೯-೨೦ರ ಜೈಲು ಸಮಿತಿ ಮಕ್ಕಳನ್ನು ದೊಡ್ಡವರ ಜೈಲಿನಲ್ಲಿ ಹಾಕಬೇಡಿ ಎಂದು ಹೇಳಿತ್ತು. ೧೯೨೨ರಲ್ಲಿ ಬಂಗಾಳ, ೧೯೨೪ರಲ್ಲಿ ಮುಂಬಯಿ ಇದೇ ದಾರಿ ಹಿಡಿದವು. ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತು; ಬಳ್ಳಾರಿ, ಮಂಗಳೂರಿನ ಮಗುವಿಗೆ ಮದ್ರಾಸಿನ ಕಾನೂನು, ಧಾರವಾಡ, ಬಿಜಾಪುರದ ಮಗುವಿಗೆ ಮುಂಬಯಿಯ ಕಾನೂನು. ಈ ಕಾಯಿದೆಗಳೊಂದಿಗೆ ಪ್ರೊಬೇಷನ್ ಅಧಿಕಾರಿ ಎಂಬ ಹೊಸ ಆಸಾಮಿ ಬಂದ. ಮಗುವಿನ ಮನೆ ಎಂಥದು, ಉಣ್ಣಲು ಏನಿದೆ, ಶಾಲೆಗೆ ಹೋಗುತ್ತದೆಯೇ ಎಂದು ನೋಡಿ ಬಂದು ಕೋರ್ಟಿಗೆ ತಿಳಿಸುವುದು ಇವನ ಕೆಲಸ. ಕಾಗದದ ಮೇಲೆ ಇದು ದೊಡ್ಡ ಬದಲಾವಣೆ. ನೆಲದ ಮೇಲೆ ಅಂಥ ಕೋರ್ಟುಗಳು ಪಟ್ಟಣ ಬಿಟ್ಟು ಹೊರಗೆ ಬರಲಿಲ್ಲ. ಸ್ವಾತಂತ್ರ್ಯ ಬಂದು ೧೯೬೦ರಲ್ಲಿ ಕೇಂದ್ರಾಡಳಿತ ಪ್ರದೇಶಗಳಿಗೆ ಮಕ್ಕಳ ಕಾಯಿದೆಯಾಯಿತು. ತಪ್ಪು ಮಾಡಿದ ಮಗುವಿಗೆ ಮಕ್ಕಳ ಕೋರ್ಟು, ದಿಕ್ಕಿಲ್ಲದ ಮಗುವಿಗೆ ಕಲ್ಯಾಣ ಮಂಡಳಿ ಅಂತ ಬೇರ್ಪಡಿಸಿದರು. ರಾಜ್ಯಗಳಲ್ಲಿ ಒಂದೊಂದು ಕಡೆ ಒಂದೊಂದು ಕಾನೂನು ನಡೆದುಕೊಂಡು ಹೋಯಿತು.

ಎಪ್ಪತ್ತರ ದಶಕ ಬೇರೆ. ೧೯೭೨ರ ಮಾರ್ಚಿಯಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆಗೆ, ಅಣ್ಣ ಕೊಟ್ಟ ದೂರಿನ ಸಂಬಂಧ, ಒಬ್ಬ ಆದಿವಾಸಿ ಕೂಲಿ ಹುಡುಗಿ ಬಂದಳು. ವಯಸ್ಸು ಹದಿನಾಲ್ಕರಿಂದ ಹದಿನಾರು ಎಂದು ವೈದ್ಯರು ಅಂದಾಜು ಮಾಡಿದರು. ಆಕೆಯ ಹೆಸರು ದೇಶಕ್ಕೆಲ್ಲ ಗೊತ್ತು, ತೀರ್ಪಿನಲ್ಲೇ ಅಚ್ಚಾಗಿದೆ, ನಾವಿಲ್ಲಿ ಬರೆಯುವುದಿಲ್ಲ. ಠಾಣೆಯ ಒಳಗೇ, ಕಾಯಬೇಕಾದವರೇ ಆಕೆಯ ಮೇಲೆ ಬಿದ್ದರೆಂಬುದು ದೂರು. ಸೆಷನ್ಸ್ ಕೋರ್ಟು ಆಕೆಯನ್ನೇ ಸುಳ್ಳುಗಾತಿ ಅಂದಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. ೧೯೭೮ರಲ್ಲಿ ಸುಪ್ರೀಂ ಕೋರ್ಟು ಮೈಮೇಲೆ ಗಾಯದ ಗುರುತಿಲ್ಲ, ಕೂಗಿಕೊಳ್ಳಲಿಲ್ಲ ಎಂದು ಪೊಲೀಸರನ್ನು ಬಿಟ್ಟುಬಿಟ್ಟಿತು. ರಾತ್ರಿ ಹೊತ್ತು ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿ ಪೊಲೀಸನ ಮುಂದೆ ಕೂಗಿಕೊಳ್ಳುವುದು ಅಂದರೆ ಏನು ಅಂತ ಆ ಪೀಠದಲ್ಲಿ ಕೂತವರಿಗೆ ತಿಳಿದಿರಲಿಲ್ಲವೇ?

೧೯೭೯ರ ಸೆಪ್ಟೆಂಬರಿನಲ್ಲಿ ನಾಲ್ಕು ಜನ ಕಾನೂನು ಮೇಷ್ಟ್ರುಗಳು, ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್, ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಪಾಠ ಹೇಳುವವರು ಪೀಠವನ್ನು ಪ್ರಶ್ನಿಸಿದ್ದು ಆಗ ಸಣ್ಣ ವಿಷಯವಲ್ಲ. ಊರೂರಲ್ಲಿ ಹೆಂಗಸರು ಬೀದಿಗಿಳಿದರು. ೧೯೮೩ರಲ್ಲಿ ಕಾನೂನು ತಿದ್ದುಪಡಿಯಾಯಿತು. ಬಲಾತ್ಕಾರದ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು, ನೊಂದವಳ ಹೆಸರು ಅಚ್ಚು ಹಾಕುವುದು ಅಪರಾಧ, ಠಾಣೆಯಂಥ ಕಡೆ ನಡೆದ ಬಲಾತ್ಕಾರದಲ್ಲಿ ಒಪ್ಪಿಗೆ ಇರಲಿಲ್ಲ ಎಂದು ಆಕೆ ಹೇಳಿದರೆ ಕೋರ್ಟು ಹಾಗೆಂದೇ ಭಾವಿಸಬೇಕು. ಆ ಹುಡುಗಿಗೆ ಇದರಿಂದ ಏನೂ ಸಿಗಲಿಲ್ಲ. ಆಕೆಯ ನಂತರ ಬಂದವರಿಗೆ ಸಿಕ್ಕಿತು.

ಇನ್ನು ಜೈಲಿನ ಮಕ್ಕಳು. ಶೀಲಾ ಬರ್ಸೆ ಎಂಬ ಪತ್ರಕರ್ತೆ ಮುಂಬಯಿಯ ಲಾಕಪ್ಪುಗಳಲ್ಲಿದ್ದ ಹೆಂಗಸರ ಸ್ಥಿತಿಯನ್ನು ಸುಪ್ರೀಂ ಕೋರ್ಟಿಗೆ ಬರೆದು ತಿಳಿಸಿದವರು. ಆಮೇಲೆ ಅವರು ದೇಶದ ಜೈಲುಗಳಲ್ಲಿ ಹದಿನಾರು ತುಂಬದ ಮಕ್ಕಳು ಎಷ್ಟಿದ್ದಾರೆ, ಎಲ್ಲಿದ್ದಾರೆ, ಯಾಕಿದ್ದಾರೆ ಎಂದು ಕೇಳಿದರು. ರಾಜ್ಯ ಸರ್ಕಾರಗಳಿಗೆ ಲೆಕ್ಕ ಕೊಡಲಿಕ್ಕೂ ಪುರುಸೊತ್ತಿರಲಿಲ್ಲ. ೧೯೮೬ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠ ಆದೇಶ ಕೊಟ್ಟಿತು. ಜಿಲ್ಲಾ ನ್ಯಾಯಾಧೀಶರು ತಾವೇ ಜೈಲಿಗೆ ಹೋಗಿ ಮಕ್ಕಳನ್ನು ನೋಡಬೇಕು. ಕಾನೂನು ನೆರವು ಮಂಡಳಿ ವಾರಕ್ಕೊಮ್ಮೆ ಇಬ್ಬರು ವಕೀಲರನ್ನು ಪ್ರತಿ ಜೈಲಿಗೂ ಕಳಿಸಬೇಕು. ಏಳು ವರ್ಷಕ್ಕೆ ಮೀರದ ಶಿಕ್ಷೆಯ ಆಪಾದನೆ ಇದ್ದರೆ ಮೂರು ತಿಂಗಳಲ್ಲಿ ತನಿಖೆ, ಆರು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು. ಪತ್ರಕರ್ತೆಯೊಬ್ಬಳು ಬಾಗಿಲು ಬಡಿದದ್ದಕ್ಕೆ ಜಡ್ಜಿ ಪೀಠದಿಂದ ಇಳಿದು ಜೈಲಿಗೆ ನಡೆಯಬೇಕಾಯಿತು. ಇದನ್ನು ನಾವು ದೊಡ್ಡದು ಅನ್ನುತ್ತೇವೆ. ಅದೇ ವರ್ಷ ದೇಶಕ್ಕೆಲ್ಲ ಒಂದೇ ಬಾಲ ನ್ಯಾಯ ಕಾಯಿದೆಯಾಗಿ, ೧೯೮೭ರ ಅಕ್ಟೋಬರ್ ೨ರಿಂದ ಜಾರಿಗೆ ಬಂತು.

ನಮ್ಮ ಹಳ್ಳಿ ಮೇಷ್ಟ್ರುಗಳು, ಮೇಡಂಗಳು ಮುಂದಿನ ಪ್ರಕರಣವನ್ನು ಗಮನ ಕೊಟ್ಟು ಓದಬೇಕು. ೧೯೮೪ರಲ್ಲಿ ಪಂಜಾಬಿನಲ್ಲಿ ಹತ್ತನೇ ತರಗತಿ ಪರೀಕ್ಷೆ ಬರೆಯುತ್ತಿದ್ದ, ಹದಿನಾರು ತುಂಬದ ಹುಡುಗಿಯನ್ನು ಕಾರಿನಲ್ಲಿ ಹೊತ್ತೊಯ್ದು ರಾತ್ರಿಯೆಲ್ಲ ಕೆಡಿಸಿ ಬೆಳಿಗ್ಗೆ ಶಾಲೆಯ ಹತ್ತಿರ ಬಿಟ್ಟರು. ಹುಡುಗಿ ಹೋಗಿ ಪರೀಕ್ಷೆ ಬರೆದಳು. ಬರೆದು ಮನೆಗೆ ಬಂದು ತಾಯಿಗೆ ಹೇಳಿದಳು. ತಂದೆ ಊರಿನ ಪಂಚಾಯ್ತಿಗೆ ಹೋದ, ಅಲ್ಲಿ ನ್ಯಾಯ ಸಿಗಲಿಲ್ಲ, ಆಮೇಲೆ ಪೊಲೀಸಿಗೆ ಹೋದ. ಕೆಳ ಕೋರ್ಟು ಇದನ್ನೆಲ್ಲ ಹುಡುಗಿಯ ಮೇಲೇ ತಿರುಗಿಸಿತು. ಯಾಕೆ ತಡ ಮಾಡಿದರು? ಯಾಕೆ ಟೀಚರಿಗೆ ಹೇಳಲಿಲ್ಲ? ನಡತೆ ಸರಿಯಿಲ್ಲದವಳಿರಬೇಕು. ೧೯೯೬ರಲ್ಲಿ ಸುಪ್ರೀಂ ಕೋರ್ಟು ಈ ಮಾತುಗಳನ್ನೆಲ್ಲ ತಳ್ಳಿಹಾಕಿ ಶಿಕ್ಷೆ ಕೊಟ್ಟಿತು. ಇಂಥ ವಿಚಾರಣೆ ಮುಚ್ಚಿದ ಬಾಗಿಲೊಳಗೇ ಆಗಬೇಕೆಂದು ಮತ್ತೆ ಒತ್ತಿ ಹೇಳಿತು. ಹನ್ನೆರಡು ವರ್ಷ ಕಳೆದಿತ್ತು. ಆ ದಿನ ಪರೀಕ್ಷಾ ಕೊಠಡಿಯಲ್ಲಿ ಇದ್ದ ಟೀಚರು ಹುಡುಗಿಯ ಮುಖ ನೋಡಿ, ಏನಮ್ಮಾ ಅಂತ ಒಂದು ಮಾತು ಕೇಳಿದ್ದರೆ ಅಂತ ನಮಗೆ ಅನ್ನಿಸುತ್ತದೆ. ಅಂದಿನ ಕಾನೂನಿನಲ್ಲಿ ಟೀಚರಿಗೆ ಆ ಕರ್ತವ್ಯವೇ ಇರಲಿಲ್ಲ.

೨೦೦೪ರಲ್ಲಿ ಸಾಕ್ಷಿ ಎಂಬ ಸಂಸ್ಥೆ ತಂದ ಮೊಕದ್ದಮೆಯಲ್ಲಿ ಕೋರ್ಟಿನೊಳಗೆ ಪರದೆ ಬಂತು. ಮಗುವಿಗೆ ಆರೋಪಿಯ ಮುಖ ಕಾಣಬಾರದು. ಆರೋಪಿ ಕಡೆಯ ವಕೀಲ ತನ್ನ ಪಾಟಿ ಸವಾಲಿನ ಪ್ರಶ್ನೆಗಳನ್ನು ಬರೆದು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು. ನಡುನಡುವೆ ಬಿಡುವು ಕೊಡಬೇಕು. ಅದಕ್ಕೂ ಮೊದಲೇ, ೨೦೦೦ದ ಹೊಸ ಬಾಲ ನ್ಯಾಯ ಕಾಯಿದೆ ಮ್ಯಾಜಿಸ್ಟ್ರೇಟರ ಪಕ್ಕದಲ್ಲಿ ಇಬ್ಬರು ಸಮಾಜ ಕಾರ್ಯಕರ್ತರನ್ನು ಕೂರಿಸಿ ಬಾಲ ನ್ಯಾಯ ಮಂಡಳಿ ಮಾಡಿತ್ತು. ಐದು ಜನರ ಮಕ್ಕಳ ಕಲ್ಯಾಣ ಸಮಿತಿ, ವಿಶೇಷ ಮಕ್ಕಳ ಪೊಲೀಸ್ ಘಟಕ ಎಲ್ಲ ಆಗ ಬಂದವು. ೨೦೧೫ರ ಕಾಯಿದೆಯಲ್ಲೂ ಇವು ಉಳಿದಿವೆ.

೨೦೧೨ರ ನವೆಂಬರ್ ೧೪ರಿಂದ ಜಾರಿಗೆ ಬಂದ ಪೋಕ್ಸೊ ಕಾಯಿದೆ ಇವರೆಲ್ಲರನ್ನೂ ಒಂದು ಹಗ್ಗಕ್ಕೆ ಕಟ್ಟಿತು. ಹದಿನೆಂಟರ ಕೆಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ಪೊಲೀಸಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆಯಾಗಬಹುದು. ಪೊಲೀಸರು ೨೪ ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಇಲ್ಲವೇ ಅದು ಹೇಳಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರೇ, ಖಾಕಿ ಹಾಕದೆ ಬರೆದುಕೊಳ್ಳಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೆಣ್ಣುಮಗುವಾದರೆ ಮಹಿಳಾ ವೈದ್ಯರೇ, ಮಗು ನಂಬುವವರ ಎದುರಿನಲ್ಲಿ ತಪಾಸಣೆ ಮಾಡಬೇಕು. ಮಗುವನ್ನು ಮತ್ತೆ ಮತ್ತೆ ಕೋರ್ಟಿಗೆ ಕರೆಸಬಾರದು. ಕೋರ್ಟು ಪ್ರಕರಣ ಕೈಗೆತ್ತಿಕೊಂಡ ೩೦ ದಿನದೊಳಗೆ ಮಗುವಿನ ಸಾಕ್ಷ್ಯ, ಆದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ತೀರ್ಪು. ಇದೆಲ್ಲದರ ಉದ್ದಕ್ಕೂ ಮಗುವಿನ ಜೊತೆ ನಡೆಯಲು ಬೆಂಬಲ ವ್ಯಕ್ತಿ ಒಬ್ಬರನ್ನು ಸಮಿತಿ ಕೊಡಬಹುದು.

ಓದಲು ಚೆನ್ನಾಗಿದೆ. ಆದರೆ ಮಗು ಇದನ್ನು ಎಷ್ಟು ಸಲ ಹೇಳಬೇಕು ಎಂದು ಬೆರಳು ಮಡಚಿ ಎಣಿಸಿ ನೋಡಿ. ಮೊದಲು ಅವ್ವನಿಗೋ ಟೀಚರಿಗೋ. ಆಮೇಲೆ ಠಾಣೆಗೆ, ಡಾಕ್ಟರಿಗೆ, ಸಮಿತಿಗೆ. ಮ್ಯಾಜಿಸ್ಟ್ರೇಟರ ಮುಂದೆ, ಹಿಂದೆ ೧೬೪ನೇ ಹೇಳಿಕೆ ಎಂದು ಕರೆಯುತ್ತಿದ್ದದ್ದು, ೨೦೨೪ರ ಜುಲೈಯಿಂದ ಹೊಸ ಸಂಹಿತೆಯಲ್ಲಿ ೧೮೩. ಕೊನೆಗೆ ವಿಶೇಷ ನ್ಯಾಯಾಲಯದಲ್ಲಿ. ಒಬ್ಬರು ಬರೆದುಕೊಂಡದ್ದನ್ನು ಇನ್ನೊಬ್ಬರು ಓದಿರುವುದಿಲ್ಲ. ಒಂದು ಕಡೆ ಬೆಳಿಗ್ಗೆ ಅಂದದ್ದು, ಇನ್ನೊಂದು ಕಡೆ ಮಧ್ಯಾಹ್ನ ಎಂದಾಗಿದ್ದರೆ ಆರೋಪಿಯ ವಕೀಲನಿಗೆ ಅಷ್ಟೇ ಸಾಕು. ಮಗು ಸುಳ್ಳು ಹೇಳಿತು ಅಂತಲ್ಲ. ಕೇಳಿದವರು ಬೇರೆ ಬೇರೆಯಾಗಿ ಕೇಳಿದರು. ಇವರೆಲ್ಲ ಒಂದಾಗಿ ಕೂರಬೇಕು ಎಂಬುದು ಯಾವುದೋ ಆದರ್ಶದ ಮಾತಲ್ಲ, ಮೊಕದ್ದಮೆ ನಿಲ್ಲುತ್ತೋ ಬೀಳುತ್ತೋ ಅನ್ನುವ ಮಾತು.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನವರು ಕರ್ನಾಟಕವೂ ಸೇರಿ ಐದು ರಾಜ್ಯಗಳ ಪೋಕ್ಸೊ ನ್ಯಾಯಾಲಯಗಳನ್ನು ಅಧ್ಯಯನ ಮಾಡಿದ್ದಾರೆ. ಬಹಳಷ್ಟು ಮಕ್ಕಳು ಕಟಕಟೆಗೆ ಬಂದಾಗ ತಮ್ಮ ಮೊದಲಿನ ಮಾತಿನಿಂದ ಹಿಂದೆ ಸರಿಯುತ್ತಾರೆ ಎಂಬುದು ಅವರಿಗೆ ಕಂಡಿತು. ಯಾಕೆ ಸರಿಯುತ್ತಾರೆ ಅಂತ ನಮ್ಮನ್ನು ಕೇಳಿದರೆ ಹೇಳುತ್ತೇವೆ. ಆರೋಪಿ ಅಪ್ಪನೇ ಆಗಿದ್ದರೆ ಮನೆಯಲ್ಲಿ ಒಲೆ ಉರಿಯಬೇಕು. ಆರೋಪಿ ಮೇಲಿನ ಜಾತಿಯವನಾಗಿದ್ದರೆ ಅವನ ಹೊಲದಲ್ಲೇ ಕೂಲಿ, ಅವನ ಅಂಗಡಿಯಲ್ಲೇ ಸಾಲ. ಸಂಜೆ ಹೊತ್ತು ನಾಲ್ಕು ಜನ ಯಜಮಾನರು ಕೇರಿಗೆ ಬಂದು, ಹುಡುಗಿ ಭವಿಷ್ಯ ನೋಡ್ರಪ್ಪ, ಊರು ಅಂದ ಮೇಲೆ ಹೊಂದಿಕೊಂಡು ಹೋಗಬೇಕು ಅಂತಾರೆ. ಪಂಜಾಬಿನ ಆ ತಂದೆ ಹೋದ ಪಂಚಾಯ್ತಿ ಇದೇ ತಾನೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ ೨೦೧೫ರಲ್ಲಿ ಆದ ತಿದ್ದುಪಡಿ ಇದಕ್ಕೆಂದೇ ೧೫ಎ ಎಂಬ ಕಲಮನ್ನು ಸೇರಿಸಿದೆ. ನೊಂದವರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡುವುದು, ವಿಚಾರಣೆ ಕಾಲದಲ್ಲಿ ಓಡಾಟದ ಮತ್ತು ಜೀವನದ ಖರ್ಚು ಕೊಡುವುದು ಸರ್ಕಾರದ ಹೊಣೆ. ನಮ್ಮ ಮಗುವಿಗೆ ಎರಡು ಕಾಯಿದೆಗಳ ನೆರಳಿದೆ. ಪೊಲೀಸರು ಒಂದನ್ನೇ ಹಾಕಿ ಇನ್ನೊಂದನ್ನು ಮರೆತರೆ ಕೇಳಬೇಕಾದವರು ಯಾರು?

ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಮೇಲಿನ ಜಾತಿಯ ಹುಡುಗಿ, ನಮ್ಮ ಹುಡುಗ, ಇಬ್ಬರಿಗೂ ಹದಿನೇಳು, ಒಬ್ಬರನ್ನೊಬ್ಬರು ಮೆಚ್ಚಿ ಊರು ಬಿಟ್ಟರು ಅನ್ನಿ. ಹುಡುಗಿಯ ಮನೆಯವರ ಕೈಗೆ ಪೋಕ್ಸೊ ಸಿಗುತ್ತದೆ. ಹುಡುಗ ಬಾಲ ನ್ಯಾಯ ಮಂಡಳಿಯ ಮುಂದೆ ಬೀಳುತ್ತಾನೆ. ಹದಿನೆಂಟು ದಾಟಿದ್ದರೆ ಜೈಲಿಗೆ. ೨೦೨೨ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಇಂಥದೊಂದು ಪ್ರಕರಣ ನೋಡಿ, ವಯಸ್ಸಿನ ವಿಷಯವನ್ನು ಕಾನೂನು ಆಯೋಗ ಮತ್ತೆ ಯೋಚಿಸಬೇಕು ಎಂದಿತು. ಒಂಬತ್ತನೇ ತರಗತಿಯಿಂದ ಮೇಲಿನವರಿಗೆ ಈ ಕಾನೂನನ್ನು ಶಾಲೆಯಲ್ಲಿ ತಿಳಿಹೇಳಬೇಕು ಎಂದಿತು. ಆಯೋಗ ೨೦೨೩ರಲ್ಲಿ ವಯಸ್ಸು ಇಳಿಸುವುದು ಬೇಡ ಎಂದು ವರದಿ ಕೊಟ್ಟಿತು. ಈ ಜಗಳ ಮುಗಿದಿಲ್ಲ. ಅಲ್ಲಿಯತನಕ ಆ ಹುಡುಗನೂ ಕೋರ್ಟಿಗೆ ಬಂದ ಮಗುವೇ ಅನ್ನುವುದನ್ನು ಮರೆಯದಿದ್ದರೆ ಸಾಕು.

ಸಾಕ್ಷಿ ಹೇಳುವ ಕೋಣೆಗೆ ಬರೋಣ. ೨೦೧೨ರಲ್ಲಿ ದೆಹಲಿಯ ಕಡಕಡ್ಡೂಮಾ ಕೋರ್ಟಿನಲ್ಲಿ ಮಕ್ಕಳಂಥ ಸಾಕ್ಷಿಗಳಿಗೆಂದೇ ಪ್ರತ್ಯೇಕ ಕೋಣೆಗಳನ್ನು ಮಾಡಿದರು. ೨೦೧೭ರಲ್ಲಿ ಸುಪ್ರೀಂ ಕೋರ್ಟು ಪ್ರತಿ ಹೈಕೋರ್ಟಿನ ವ್ಯಾಪ್ತಿಯಲ್ಲಿ ಇಂಥ ಕೇಂದ್ರಗಳಾಗಬೇಕೆಂದಿತು. ೨೦೨೨ರಲ್ಲಿ ಜಿಲ್ಲೆ ಜಿಲ್ಲೆಗೂ ಬೇಕೆಂದಿತು. ೨೦೨೩ರ ಆಗಸ್ಟಿನಲ್ಲಿ, ಬೆಂಬಲ ವ್ಯಕ್ತಿಯನ್ನು ಕೊಡುವುದು ಇಷ್ಟ ಬಂದರೆ ಮಾಡುವ ಕೆಲಸವಲ್ಲ ಎಂಬುದನ್ನು ಅದೇ ಕೋರ್ಟು ಸ್ಪಷ್ಟ ಮಾಡಿತು. ಕೋಣೆ ಕಟ್ಟುವುದು ಗುತ್ತಿಗೆದಾರನ ಕೆಲಸ, ಆಗುತ್ತದೆ. ಆ ಕೋಣೆಯಲ್ಲಿ ಮಗುವಿನ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎನ್ನುವುದೇ ಈಗಿನ ಪ್ರಶ್ನೆ. ಬೆಂಬಲ ವ್ಯಕ್ತಿಯನ್ನು ನೇಮಿಸುವುದು ಸಮಿತಿ. ಅದು ಬಿಟ್ಟು, ತಮಗೆ ನಂಬಿಕೆಯಿರುವ ಯಾರ ನೆರವನ್ನಾದರೂ ಮಗು ಮತ್ತು ತಂದೆತಾಯಿ ಪಡೆಯಬಹುದು ಎಂದು ನಿಯಮವೇ ಹೇಳುತ್ತದೆ.

ಅದೇ ೨೦೨೦ರ ನಿಯಮಗಳಲ್ಲಿ ಇನ್ನೊಂದು ಸಾಲಿದೆ, ಹೆಚ್ಚು ಜನ ಕೇಳಿಲ್ಲ. ಮಗುವಿನ ಊಟ, ಬಟ್ಟೆ, ಓಡಾಟ, ಇಂಥ ತುರ್ತಿಗೆ ವಿಶೇಷ ಪರಿಹಾರ ಕೊಡಿ ಎಂದು ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು. ಮಾಡಿದ ಒಂದು ವಾರದೊಳಗೆ ಹಣ ಕೈಗೆ ಬರಬೇಕು. ಬಸ್ಸಿಗೆ ೨೦೨೩ರ ಜೂನಿನಿಂದ ನಮ್ಮ ರಾಜ್ಯದ ಹೆಂಗಸರಿಗೆ ದುಡ್ಡಿಲ್ಲ, ನಿಜ. ಆದರೆ ಬಿಟ್ಟುಬಂದ ದಿನದ ಕೂಲಿ ಯಾರೂ ಕೊಡುವುದಿಲ್ಲ, ಕೋರ್ಟಿನ ಎದುರಿನ ಹೋಟೆಲಿನವನು ಪುಕ್ಕಟೆ ಇಡ್ಲಿ ಕೊಡುವುದಿಲ್ಲ. ಅರ್ಜಿ ಬಿಳಿ ಹಾಳೆಯಲ್ಲಿ, ಕನ್ನಡದಲ್ಲಿ ಸಾಕು. ಸಮಿತಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ದಾರಿ ತಿಳಿಯದಿದ್ದರೆ ೧೦೯೮ಕ್ಕೆ ಫೋನು ಮಾಡಿದರೆ ಆಯಿತು. ೧೯೯೬ರಲ್ಲಿ ಮುಂಬಯಿಯಲ್ಲಿ ಶುರುವಾದ ಆ ನಂಬರು ಈಗ ಸರ್ಕಾರದ ಕೈಯಲ್ಲಿದೆ. ಶಾಲೆಯ ಗೋಡೆಯ ಮೇಲೆ ಬರೆದಿರುತ್ತಾರೆ, ಬಹಳ ಕಡೆ ಬಣ್ಣ ಮಾಸಿದೆ.